ಫೋಟೊ ಸಾಲದು, ರೋಹಿತ ಬೇಕು

ಮಾನ್ಯ ಸಂಪಾದಕರೇ,

ದೂರದ ಗ್ಯಾಲಕ್ಸಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಕೆಂಪು ಚುಕ್ಕಿಯ ಫೋಟೊ, ಪಕ್ಕದಲ್ಲಿ ‘ದಾಖಲೆ’ ಎಂಬ ಮಾತು. 30 ವರ್ಷ ಹೈಸ್ಕೂಲಿನಲ್ಲಿ ಪಟ್ಟಕ (ಪ್ರಿಸಂ) ಹಿಡಿದು ಪಾಠ ಮಾಡಿದವನು ನಾನು. ನನಗೆ ಅಷ್ಟು ಸಾಲದು; ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ಅಂದರೆ ರೋಹಿತವೂ ಬೇಕು.

2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ಸಿಕ್ಕ ಸಿಯರ್ಸ್-93316 ಗ್ಯಾಲಕ್ಸಿಯನ್ನೇ ನೋಡಿ. ಬಣ್ಣ ನೋಡಿ ಅದರ ಕೆಂಪು ಪಲ್ಲಟ (ಬೆಳಕು ಕೆಂಪಿನತ್ತ ಸರಿದ ಪ್ರಮಾಣ; ಹೆಚ್ಚಿದಷ್ಟೂ ಗ್ಯಾಲಕ್ಸಿ ದೂರ) 16ರ ಆಸುಪಾಸು ಎಂದು ಅಂದಾಜು ಮಾಡಿದರು. ಆಮೇಲೆ ಬೆಳಕನ್ನು ಬಿಡಿಸಿ ರೋಹಿತ ನೋಡಿದರೆ ಬರೀ 4.9! ಬಿಸಿ ಅನಿಲ ಕೆಲವೇ ಬಣ್ಣಗಳಲ್ಲಿ ಸೂಸುವ ಪ್ರಖರ ಬೆಳಕಿನ ಗೆರೆಗಳೂ ಧೂಳೂ ಸೇರಿ ಯಾಮಾರಿಸಿದ್ದವು.

ಜೇಡ್ಸ್-ಜಿಎಸ್-ಝಡ್14-0 ಎಂಬ ಇನ್ನೊಂದು ಗ್ಯಾಲಕ್ಸಿಯ ಕಥೆ ಬೇರೆ. ಅದಕ್ಕೆ ವೆಬ್‌ನ ರೋಹಿತವೇ 2024ರಲ್ಲಿ ಸುಮಾರು 14.3 ಎಂದಿತ್ತು. ಮರುವರ್ಷ ಚಿಲಿಯ ಆಲ್ಮಾ ದೂರದರ್ಶಕಕ್ಕೆ ಅಲ್ಲಿನ ಆಮ್ಲಜನಕದ ಗೆರೆ ಸಿಕ್ಕಿ, ಲೆಕ್ಕ 14.18ಕ್ಕೆ ನಿಂತಿತು. ಮಹಾಸ್ಫೋಟವಾಗಿ ಸುಮಾರು 30 ಕೋಟಿ ವರ್ಷಕ್ಕೇ ಆಮ್ಲಜನಕ! ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ. ಅಂದರೆ ಅಷ್ಟರೊಳಗೆ ದೊಡ್ಡ ನಕ್ಷತ್ರಗಳು ಹುಟ್ಟಿ, ಸತ್ತೂ ಆಗಿತ್ತು. ಸುದ್ದಿ ಇದು ಅಲ್ವಾ?

ಮುಂದಿನ ಸಲ ಫೋಟೊ ಜೊತೆ ರೋಹಿತದ ನಕ್ಷೆಯನ್ನೂ ಹಾಕಿ. ಚೆಂದ ಕಾಣುವುದಿಲ್ಲ, ಒಪ್ಪುತ್ತೇನೆ. ನನ್ನ ಮೊಮ್ಮಗಳು ನೋಡಿ ‘ಇಸಿಜಿ ಥರ ಇದೆ ತಾತ’ ಎಂದಳು.

– ನಿವೃತ್ತ ವಿಜ್ಞಾನ ಮೇಷ್ಟ್ರು, ತಿಪಟೂರು