ಶಾಲೆಯ ಬೆಳಗಿನ ಅವಸರ ರಸ್ತೆಗೆ ಬರದಿರಲಿ

ಮಾನ್ಯ ಸಂಪಾದಕರೇ,

ಶಾಲೆಗಳ ಮುಂದಿನ ಬೆಳಗಿನ ವಾಹನ ದಟ್ಟಣೆಯ ಮಾತು ಬಂದಾಗಲೆಲ್ಲ ನಾವು ಪರಿಹಾರದ ಹೊರೆಯನ್ನು ಸಂಚಾರ ಪೊಲೀಸರ ಹೆಗಲಿಗೇರಿಸಿ ಸುಮ್ಮನಾಗುತ್ತೇವೆ. ಮೈಸೂರಿನಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಕಚೇರಿಗೆ ಹೋಗುವ ಪೋಷಕನಾಗಿ ನಾನು ಕಂಡಂತೆ, ಎಂಟು ಗಂಟೆಯ ಹೊತ್ತಿನ ಅಡ್ಡಾದಿಡ್ಡಿ ಚಾಲನೆಯ ಬಹುಪಾಲು ಹಿಂದಿನ ಸಂಜೆ ಮನೆಯಲ್ಲಿ ಮಾಡದೆ ಉಳಿಸಿಕೊಂಡ ಕೆಲಸಗಳಿಂದ ಮತ್ತು ಗೇಟು ಮುಚ್ಚುವ ವಿಷಯದಲ್ಲಿ ಶಾಲೆಗಳು ಹಿಡಿದಿರುವ ಬಿಗಿ ಪಟ್ಟಿನಿಂದ ಹುಟ್ಟುತ್ತದೆ. ಇವೆರಡನ್ನೂ ಸರಿಪಡಿಸಲು ಹಣ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.

ನಗರ ಬೆಳೆದಂತೆ ರಿಂಗ್ ರಸ್ತೆಯ ಆಚೆಗೂ ಬಡಾವಣೆಗಳು ಹಬ್ಬಿವೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂನಂತಹ ಹಳೆಯ ಬಡಾವಣೆಗಳ ಶಾಲೆಗಳಿಗೆ ಅಲ್ಲಿಂದ ಮಕ್ಕಳನ್ನು ಕರೆತರುವವರು ಬಹಳ ಮಂದಿ. ದಾರಿ ಆರು ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದು 12 ನಿಮಿಷದ ಹಾದಿ, 45ರಲ್ಲಿ ಎಂಟು ನಿಮಿಷದ್ದು. ಉಳಿಯುವ ನಾಲ್ಕು ನಿಮಿಷವನ್ನೂ ದಾರಿಯ ಸಿಗ್ನಲ್‌ಗಳು ಬಹುತೇಕ ನುಂಗಿಹಾಕುತ್ತವೆ. ಆದರೆ 45ರ ವೇಗದಲ್ಲಿ ವಾಹನ ಪ್ರತಿ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಸಾಗುತ್ತದೆ. ಹಿಂದೆ ಕುಳಿತ ಮಗು "ಅಪ್ಪಾ, ನೀರಿನ ಬಾಟಲಿ ಮನೆಯಲ್ಲೇ ಬಿಟ್ಟೆ" ಎಂದಾಗ ಒಮ್ಮೆ ತಲೆ ತಿರುಗಿಸುವಷ್ಟರಲ್ಲಿ ಸ್ಕೂಟರು ಒಂದು ಅಡ್ಡರಸ್ತೆಯನ್ನೇ ದಾಟಿಬಿಟ್ಟಿರುತ್ತದೆ.

ಕಾನೂನಿನಲ್ಲಿ ಕೊರತೆಯಿಲ್ಲ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕೂರಿಸಿಕೊಂಡರೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಮಗುವನ್ನು ಬಿಗಿದಿಡುವ ಸುರಕ್ಷತಾ ಪಟ್ಟಿಯೂ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಕಾರಿನಲ್ಲಿ 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ ದಂಡವುಂಟು. ಇವನ್ನೆಲ್ಲ ಬಲ್ಲ ವಿದ್ಯಾವಂತ ತಂದೆತಾಯಿಗಳೇ, ಗೇಟು ಮುಚ್ಚಲು ಐದು ನಿಮಿಷವಿದೆ ಎನ್ನುವಾಗ, ಮಗುವಿನ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಹೊರಟುಬಿಡುತ್ತಾರೆ. ಪಟ್ಟಿ ಬಿಗಿಯದ ಹೆಲ್ಮೆಟ್ ಪೊಲೀಸರ ಕಣ್ಣಿಗಷ್ಟೇ ಹೆಲ್ಮೆಟ್. ಕಾರಿನವರು ಶಾಲೆಯ ಮುಂದೆ ಎರಡನೇ ಸಾಲಿನಲ್ಲಿ ನಿಲ್ಲಿಸಿ, ಸಮಯವಾಯಿತೆಂದು ಮಗುವನ್ನು ವಾಹನಗಳು ನುಗ್ಗಿ ಬರುವ ಬಲಬದಿಯ ಬಾಗಿಲಿನಿಂದಲೇ ಇಳಿಸುವುದನ್ನು ಯಾವ ಶಾಲೆಯ ಮುಂದೆ ನಿಂತರೂ ನೋಡಬಹುದು.

ಮನೆಯ ಮಟ್ಟಿಗೆ ಹೇಳುವುದಾದರೆ, ಬೆಳಗ್ಗೆ ಹೊತ್ತು ಕಳೆಯುವುದು ತಿಂಡಿಗಿಂತ ಹೆಚ್ಚಾಗಿ ಹುಡುಕಾಟದಲ್ಲಿ. ಒಂದು ಕಾಲಿನ ಸಾಕ್ಸು, ಗುರುತಿನ ಚೀಟಿ, ಶನಿವಾರವಾದರೆ ಬಿಳಿ ಸಮವಸ್ತ್ರ, ಸಹಿ ಹಾಕದ ಡೈರಿ, ಕೊನೆಗೆ ಸ್ಕೂಟರಿನ ಕೀಲಿ. ನಮ್ಮಲ್ಲಿ ಈಗ ರಾತ್ರಿಯ ಊಟಕ್ಕೆ ಮೊದಲೇ ಡೈರಿಗೆ ಸಹಿ ಬೀಳುತ್ತದೆ, ಚೀಲ ಬಾಗಿಲ ಪಕ್ಕಕ್ಕೆ ಬರುತ್ತದೆ, ಅದರ ಮೇಲೆ ಮಗಳ ಹೆಲ್ಮೆಟ್ಟು, ಹೆಲ್ಮೆಟ್ಟಿನೊಳಗೆ ಕೀಲಿ; ಇಸ್ತ್ರಿ ಮಾಡಿದ ಬಟ್ಟೆ ಮೊಳೆಗೆ ಜೋತುಬೀಳುತ್ತದೆ. ಡಬ್ಬಿಗೆ ಏನೆಂಬುದೂ ರಾತ್ರಿಯೇ ತೀರ್ಮಾನವಾಗುವುದರಿಂದ ಒಲೆಯ ಮುಂದೆ ನಿಂತು ಯೋಚಿಸುವ ಹೊತ್ತು ಉಳಿಯುತ್ತದೆ. ಎರಡು ಜಡೆ ಹೆಣೆಯುವ ಕೆಲಸವನ್ನು ಮಾತ್ರ ಹಿಂದಿನ ದಿನಕ್ಕೆ ತಳ್ಳಲಾಗಿಲ್ಲ. ಇದೆಲ್ಲ ಗೃಹಿಣಿಯೊಬ್ಬಳೇ ಹೊರಬೇಕಾದ ಕೆಲಸವೆಂದು ಭಾವಿಸುವ ಮನೆಗಳಲ್ಲಿ ಈ ಏರ್ಪಾಡು ವಾರವೂ ನಿಲ್ಲಲಾರದು. ವಾಹನ ಓಡಿಸುವವರು ಯಾರೋ ಅವರೇ ಈ ತಯಾರಿಯಲ್ಲೂ ಪಾಲು ಪಡೆಯಬೇಕು. ನಿದ್ದೆಯ ಲೆಕ್ಕವೂ ಇದರೊಳಗೇ ಬರುತ್ತದೆ: ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ, ಆದ್ದರಿಂದ ಆರಕ್ಕೆ ಏಳಬೇಕಾದ ಮಗು ಒಂಬತ್ತಕ್ಕಾದರೂ ಮಲಗಿರಬೇಕು.

ಆದರೆ ಒಂಬತ್ತಕ್ಕೆ ಮಲಗಿಸಲು ಶಾಲೆಗಳು ಬಿಟ್ಟರೆ ತಾನೆ? "ನಾಳೆ ಚಾರ್ಟ್ ಪೇಪರ್ ಮತ್ತು ಬಣ್ಣದ ಕಾಗದ ತಪ್ಪದೆ ಕಳುಹಿಸಿ" ಎಂಬ ವಾಟ್ಸ್ಆ್ಯಪ್ ಸಂದೇಶ ರಾತ್ರಿ ಒಂಬತ್ತರ ಮೇಲೆ ಬಂದರೆ, ಮರುದಿನ ಬೆಳಗ್ಗೆ ಶಾಲೆಯ ಹತ್ತಿರದ ಸ್ಟೇಷನರಿ ಅಂಗಡಿಯ ಮುಂದೆ ವಾಹನಗಳು ರಸ್ತೆಗೆ ಅಡ್ಡಲಾಗಿ ನಿಲ್ಲದೆ ಬೇರೆ ದಾರಿಯಿಲ್ಲ. ಶಿಕ್ಷಕರನ್ನು ನಾನು ದೂರುತ್ತಿಲ್ಲ, ಅವರಿಗೂ ಆ ಆದೇಶ ಮೇಲಿನಿಂದ ತಡವಾಗಿಯೇ ಬಂದಿರಬಹುದು. ಇದಕ್ಕಿಂತ ನನಗೆ ಹೆಚ್ಚು ಅಸಮಾಧಾನವಿರುವುದು ಗಂಟೆ ಬಾರಿಸಿದ ಮರುಕ್ಷಣವೇ ಗೇಟು ಹಾಕಿ, ತಡವಾದ ಮಕ್ಕಳನ್ನು ಹೊರಗೆ ನಿಲ್ಲಿಸುವ ಪದ್ಧತಿಯ ಬಗ್ಗೆ. ಸಮಯಪಾಲನೆ ಕಲಿಸಬೇಕು ನಿಜ. ಆದರೆ ಏಳು ವರ್ಷದ ಮಗು ತಾನಾಗಿ ತಡಮಾಡಿಕೊಳ್ಳುವುದು ಅಪರೂಪ, ಮತ್ತು ಆ ಶಿಕ್ಷೆಯ ಅಂಜಿಕೆ ಕೆಲಸ ಮಾಡುವುದು ತಂದೆತಾಯಿಯ ಆಕ್ಸಿಲರೇಟರಿನ ಮೇಲೆ.

ಹೈಕೋರ್ಟಿನ ಸೂಚನೆಯ ಹಿನ್ನೆಲೆಯಲ್ಲಿ ಬೆಂಗಳೂರಿನ ಶಾಲೆಗಳ ಆರಂಭದ ಸಮಯ ಬದಲಿಸುವ ವಿಚಾರ 2023ರಲ್ಲಿ ಚರ್ಚೆಗೆ ಬಂದಾಗ ಶಾಲಾ ಆಡಳಿತ ಮಂಡಳಿಗಳೂ ಪೋಷಕರೂ ಅದನ್ನು ವಿರೋಧಿಸಿದರು. ಇನ್ನೂ ಬೇಗ ಏಳಿಸಬೇಕಾದ ಮಕ್ಕಳ ಪಾಡನ್ನು ನೆನೆದರೆ ಆ ವಿರೋಧ ಸಹಜವೆಂದೇ ನನ್ನ ಅನಿಸಿಕೆ. ಹಾಗಾಗಿ ನಾನು ಕೇಳುತ್ತಿರುವುದು ವೇಳಾಪಟ್ಟಿಯ ಬದಲಾವಣೆಯನ್ನಲ್ಲ. ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಕಳುಹಿಸಿ, ಮರುದಿನ ತರಬೇಕಾದ ವಸ್ತುಗಳ ಸೂಚನೆ ಸಂಜೆ ಆರರೊಳಗೆ ಪೋಷಕರನ್ನು ತಲುಪುವಂತೆಯೂ, ಮೊದಲ ಹತ್ತು ನಿಮಿಷ ಹಾಜರಿ ಮತ್ತು ಪ್ರಾರ್ಥನೆಗೆ ಮೀಸಲಾಗಿದ್ದು ಅಷ್ಟು ಹೊತ್ತು ಗೇಟು ತೆರೆದೇ ಇರುವಂತೆಯೂ ನೋಡಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಒಬ್ಬ ಪೋಷಕ, ಮೈಸೂರು