ಗಾಡಿ ತೊಳಿ, ಪಾಲಿಷ್ ಮಷೀನ್ ಮುಟ್ಟಬ್ಯಾಡ

ಸಪ್ತಾಪುರ, ಧಾರವಾಡ

ಚಿ. ಪುಟ್ಟಿಗೆ ನಿನ್ನ ಕಾಕಾನ ಅನೇಕ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿನ್ನ ಕಾಕುಗೆ ಮೊಣಕಾಲು ನೋವು ಇದ್ದದ್ದೇ, ಅದನ್ನು ಬಿಟ್ಟರೆ ಹೇಳುವಂಥದ್ದೇನಿಲ್ಲ. ನೀನು ಕೇಳಿದ್ದಕ್ಕೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಅರ್ಧ ಕೇಳಿ "ಹೂಂ ಕಾಕಾ" ಅಂದುಬಿಡ್ತಿ. ಅದಕ್ಕೇ ಬರೆಯಲಿಕ್ಕೆ ಕೂತೆ.

ನಿನ್ನ ಕಾರಿಗೆ ಸಿರಾಮಿಕ್ ಕೋಟಿಂಗ್, ಅಂದರೆ ಬಣ್ಣ ಕಾಯಲಿಕ್ಕೆ ಮೇಲೆ ಹಚ್ಚುವ ಲೇಪ, ಮಾಡಲು ಅಂಗಡಿಯವರು 22 ಸಾವಿರ ಹೇಳಿದ್ದಾರೆ. ನಿಮ್ಮಪ್ಪ "ಓಣ್ಯಾಗಿನ ಹುಡುಗ ದಿನಾ ಒರಸ್ತಾನ, ಸಾಕು" ಅಂತಾನೆ. ನೀನು ವಿಡಿಯೋ ನೋಡಿ, ಪಾಲಿಷ್ ಮಷೀನ್ ತರಿಸಿ ಎಲ್ಲಾ ನಾನೇ ಮಾಡುತ್ತೇನೆ, ಅಷ್ಟು ಮೈಮುರಿದು ದುಡಿದರೆ ಪ್ರಯೋಜನ ಉಂಟೋ ಇಲ್ಲವೋ ಅಂತ ಕೇಳುತ್ತಿ. ನನ್ನ ಅಭಿಪ್ರಾಯ ಇಷ್ಟು: ಅರ್ಧ ಕೆಲಸ ನೀನೇ ಮಾಡು. ಉಳಿದ ಅರ್ಧವನ್ನು ಸದ್ಯಕ್ಕೆ ಯಾರ ಕೈಯಿಂದಲೂ ಮಾಡಿಸಬೇಡ.

ಮೊದಲು ಆ ಹುಡುಗನ ವಿಷಯ. ಒಂದು ಬಕೆಟ್, ಒಂದು ಅರಿವಿ, ಅದರಲ್ಲೇ ಓಣಿಯ ಗಾಡಿಗಳನ್ನೆಲ್ಲ ಒರೆಸಿ ಅವನು ಏಳೂವರೆಗೆ ಬೇರೆ ಕೆಲಸಕ್ಕೆ ಓಡಬೇಕು. ಕೊಡುವ ರೊಕ್ಕಕ್ಕೆ ಅಷ್ಟೇ ಆಗುವುದು, ಅವನ ತಪ್ಪಿಲ್ಲ. ಆದರೆ ಧೂಳು ಅಂದರೆ ಸಣ್ಣ ಮರಳು. ಅದರ ಮೇಲೆ ಅರಿವಿ ಎಳೆದರೆ ಬಣ್ಣಕ್ಕೆ ಗೀರು ಬೀಳದೆ ಇನ್ನೇನಾದೀತು? ನಿಮ್ಮಪ್ಪನ ಕರೀ ಗಾಡಿಯ ಬಾನೆಟ್ಟನ್ನು ಬಿಸಿಲಿನಲ್ಲಿ ಬಗ್ಗಿ ನೋಡು, ಸುತ್ತಸುತ್ತಾಗಿ ಸಣ್ಣ ಗೀರುಗಳು ಕಾಣುತ್ತವೆ. ಹುಡುಗನನ್ನು ಬಿಡಿಸಬೇಡ, ಪಾಪ. ಗಾಜು ಮಾತ್ರ ಒರೆಸು, ಮೈ ಮುಟ್ಟಬೇಡ ಅಂತ ಹೇಳು. ರೊಕ್ಕ ಅಷ್ಟೇ ಕೊಡು.

ಇನ್ನು ತೊಳೆಯುವುದು. ಹದಿನೈದು ದಿನಕ್ಕೊಮ್ಮೆ ಸಾಕು. ಮುಂಜಾನೆ, ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಶುರು ಮಾಡು. ಕಾದ ತಗಡಿನ ಮೇಲೆ ಸೋಪಿನ ನೀರು ಅಲ್ಲೇ ಒಣಗಿ ಕಲೆ ಕೂರುತ್ತದೆ. ಮೊದಲು ಬರೀ ನೀರು ಹಾಕು, ಕೈ ಹಚ್ಚಬೇಡ. ನೀನು ಕೆಲಸಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಹೋಗಿ ಬರುವವಳು. ಅಲ್ಲಿಯ ಎರಿ ಮಣ್ಣು ಹಸಿ ಇದ್ದಾಗ ಉಬ್ಬಿ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಕೆರೆದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಗಾಲಿಯ ಸುತ್ತ ನೀರು ಹೊಡೆದು ಹತ್ತು ನಿಮಿಷ ನೆನೆಯಲು ಬಿಡು, ಅಷ್ಟರಲ್ಲಿ ಒಂದು ಕಪ್ ಚಹಾ ಕುಡಿ. ಮಣ್ಣು ತಾನೇ ಹೆಂಟೆಹೆಂಟೆಯಾಗಿ ಉದುರುತ್ತದೆ.

ಆಮೇಲೆ ಎರಡು ಬಕೆಟ್ ಇಟ್ಟುಕೋ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಭಾಂಡೆ ತಿಕ್ಕುವ ಸೋಪು ಬೇಡ, ಅದು ಜಿಡ್ಡಿನ ಜೊತೆಗೆ ಹೊಳಪಿಗೆ ಹಚ್ಚಿದ ವ್ಯಾಕ್ಸನ್ನೂ ಬಿಡಿಸಿಕೊಂಡು ಹೋಗುತ್ತದೆ. ಟಾಪಿನಿಂದ ಹಿಡಿದು ಕೆಳಕ್ಕೆ ಬಾ. ಒಂದು ಬಾಗಿಲು ತಿಕ್ಕಿದ ಮೇಲೆ ಅರಿವಿಯನ್ನು ಬರೀ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆಯೇ ಸೋಪಿನ ನೀರಿಗೆ ಹಾಕು. ಎಲ್ಲಾ ಮುಗಿದ ಮೇಲೆ ಆ ಬರೀ ನೀರಿನ ಬಕೆಟ್ಟಿನ ತಳ ನೋಡು. ಕೈಯಾಡಿಸಿದರೆ ಬೆರಳಿಗೆ ಗರಗರ ಅಂತ ಹತ್ತುವಷ್ಟು ಮರಳು ಕೂತಿರುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದನ್ನೇ ತಿರುಗಿ ಗಾಡಿಗೆ ತಿಕ್ಕುತ್ತಿದ್ದಿ. ಗಾಲಿಗೆ ಬೇರೆ ಅರಿವಿ, ಅಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಇರುತ್ತದೆ. ನೆಲಕ್ಕೆ ಬಿದ್ದ ಅರಿವಿಯೂ ಆವತ್ತಿನಿಂದ ಗಾಲಿಯ ಅರಿವಿಯೇ.

ನೀರಿನ ಮಾತು ಹೇಳಲೇಬೇಕು. ನಿಮ್ಮ ಮನೆಯ ಬೋರಿನ ನೀರು ಗಡಸು. ಹಾಗೇ ಒಣಗಲು ಬಿಟ್ಟರೆ ಸುಣ್ಣದ ಬಿಳೀ ಚುಕ್ಕೆ ಉಳಿದು, ಬಿಸಿಲಿಗೆ ಬೆಂದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಕಡೆಗೆ ಸುರಿಯುವ ಒಂದೆರಡು ಕೊಡ ಮಲಪ್ರಭಾ ನೀರಿರಲಿ. ನಳ ಬಿಟ್ಟ ದಿನ ತೆಗೆದಿಟ್ಟುಕೋ. ಕೂಡಲೇ ದಪ್ಪ ಮೈಕ್ರೋಫೈಬರ್ ಅರಿವಿಯಿಂದ ಒತ್ತಿ ಒಣಗಿಸು. ಪೈಪು ಹಿಡಿದು ಬೀದಿಗೆಲ್ಲ ನೀರು ಹರಿಸಬೇಡ. ನಳದ ದಾರಿ ಕಾಯುವ ಊರಿನಲ್ಲಿ ಅದು ಶೋಭಿಸುವ ಕೆಲಸವಲ್ಲ, ಎದುರುಮನೆ ಅಜ್ಜಿ ಬೈದರೆ ನಾನು ಅವರ ಕಡೆಗೇ.

ಇಷ್ಟೆಲ್ಲ ನೀನೇ ಯಾಕೆ ಮಾಡಬೇಕು ಅಂತಿಯೇನು? ರೊಕ್ಕ ಉಳಿಸಲಿಕ್ಕಲ್ಲ. ಮಾರುವಾಗ ಬೆಲೆ ಬರುತ್ತದೆ ಅನ್ನುವುದನ್ನೂ ನಾನು ಅಷ್ಟು ನಂಬುವುದಿಲ್ಲ. ಕೊಳ್ಳುವವನು ಮೊದಲು ಕೇಳುವುದು ಎಷ್ಟು ಓಡಿದೆ, ಸರ್ವಿಸ್ ಎಲ್ಲಿ ಮಾಡಿಸಿದ್ದಿ ಅಂತ. ನಿಮ್ಮ ಅಜ್ಜ ಎತ್ತಿನ ಮೈ ತೊಳೆಯುವಾಗ ಹೆಗಲಿನ ಹುಣ್ಣು, ಕಿವಿಯೊಳಗಿನ ಉಣ್ಣೆ ಎಲ್ಲಾ ಅವರ ಕೈಗೇ ಸಿಗುತ್ತಿದ್ದವು, ಗಾಡಿಯದೂ ಹಾಗೇ. ಹೋದ ಮಳೆಗಾಲದಲ್ಲಿ ನಮ್ಮ ಗಾಡಿಯ ಎಡಗಡೆ ಹಿಂದಿನ ಬಾಗಿಲು ತೆಗೆದರೆ ಸಾಕು, ಒಳಗೆ ಕೊಡ ಅಲುಗಿದಂಥ ಸಪ್ಪಳ. ತೊಳೆಯುತ್ತ ಕೆಳಗಿನ ಅಂಚಿಗೆ ಬೆರಳಾಡಿಸಿದೆ. ನೀರು ಹೊರಹೋಗಲೆಂದೇ ಕಂಪನಿಯವರು ಬಿಟ್ಟ ಸಣ್ಣ ತೂತಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಊದಿನಕಡ್ಡಿಯ ತುದಿಯಿಂದ ಚುಚ್ಚಿದ ಕೂಡಲೇ ಅರ್ಧ ತಂಬಿಗೆ ಕೆಂಪು ನೀರು ಅಂಗೈ ಮೇಲೆ ಸುರಿಯಿತು. ಅದು ಒಳಗೇ ನಿಂತಿದ್ದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತಿತ್ತು, ಹೊರಗಿನ ಹೊಳಪು ಎಷ್ಟಿದ್ದರೇನು? ನಿನ್ನ ಗಾಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ, ವೈಪರಿನ ಬುಡದ ಜಾಳಿಗೆಯನ್ನೂ ನೋಡು. ಅಲ್ಲಿ ಎಲೆ ತುಂಬಿದರೆ ಮಳೆನೀರು ದಾರಿ ತಪ್ಪಿ ಗಾಡಿಯೊಳಗೇ ಇಳಿಯುತ್ತದೆ.

ಹಕ್ಕಿಯ ಹಿಕ್ಕೆಯನ್ನು ಮಾತ್ರ ಹದಿನೈದು ದಿನ ಕಾಯಿಸಬೇಡ. ಬಿಸಿಲಿನಲ್ಲಿ ಅದು ಬಣ್ಣವನ್ನು ತಿನ್ನುತ್ತದೆ. ಒದ್ದೆ ಅರಿವಿ ಹೊದಿಸಿ, ಮೆತ್ತಗಾದ ಮೇಲೆ ಎತ್ತಿ ತೆಗಿ, ತಿಕ್ಕಬೇಡ.

ಇನ್ನು ನೀನು ತರಿಸಬೇಕೆಂದಿರುವ ಆ ಮಷೀನು. ಪಾಲಿಷ್ ಅಂದರೆ ಏನೋ ಹಚ್ಚುವುದು ಅಂತ ಜನ ತಿಳಿಯುತ್ತಾರೆ. ಅಲ್ಲ, ಅದು ತೆಗೆಯುವ ಕೆಲಸ. ಕಂಪನಿಯ ಬಣ್ಣ ಎಲ್ಲಾ ಪದರ ಸೇರಿದರೂ ಸುಮಾರು 100 ಮೈಕ್ರಾನ್, ಅಂದರೆ ನಾನು ಬರೆಯುತ್ತಿರುವ ಈ ಹಾಳೆಯಷ್ಟು ದಪ್ಪ. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, 40-50 ಮೈಕ್ರಾನ್ ಇದ್ದರೆ ದೊಡ್ಡದು. ಗೀರು ಕಾಣದ ಹಾಗೆ ಮಾಡುವುದೆಂದರೆ ಅದರ ಸುತ್ತಲಿನ ಪದರವನ್ನೇ ಗೀರಿನ ಆಳಕ್ಕೆ ಸವೆಸುವುದು. ಅಂಚಿನಲ್ಲಿ, ಮೂಲೆಯಲ್ಲಿ ಕೈ ತುಸು ಹೆಚ್ಚು ಹೊತ್ತು ನಿಂತರೆ ಪದರವೇ ಹೋಯಿತು. ಅದಕ್ಕೆ ಔಷಧವಿಲ್ಲ, ಬಣ್ಣ ಹೊಡೆಸಬೇಕು. ನಿನ್ನದು ಮೊದಲೇ ಒಬ್ಬರು ಬಳಸಿದ ಗಾಡಿ, ಅವರು ಎಷ್ಟು ಸಲ ತಿಕ್ಕಿಸಿದ್ದಾರೋ ಯಾರು ಬಲ್ಲರು. ಗೀರು ಇರಲಿ ಬಿಡು.

ಸಿರಾಮಿಕ್ ಕೋಟಿಂಗ್ ಮಾರುವವನು "9ಎಚ್ ಗಟ್ಟಿ ಐತ್ರಿ ಮೇಡಂ" ಅಂದನಂತೆ. ನಾನು ಡ್ರಾಯಿಂಗ್ ಮಾಸ್ತರಿಕೆ ಮಾಡಿ ರಿಟೈರ್ ಆದವನು, ನನ್ನ ಮುಂದೆ 9ಎಚ್ ಮಾತೇ? ಅದು ಪೆನ್ಸಿಲ್ ಮೊನೆಯಿಂದ ಗೀರಿ ನೋಡುವ ಅಳತೆ. ಪೆನ್ಸಿಲ್ಲಿಗೆ ಜಗ್ಗದಿದ್ದ ಮಾತ್ರಕ್ಕೆ ಬೀಗದ ಕೈಗೆ, ದನದ ಕೋಡಿಗೆ, ಬೈಪಾಸಿನಲ್ಲಿ ಲಾರಿ ಗಾಲಿಯಿಂದ ಸಿಡಿಯುವ ಕಡಿಗೆ ಜಗ್ಗುವುದಿಲ್ಲ ಅಂತಲ್ಲ. ಸುಳ್ಳು ಹೇಳಬಾರದು, ಅದರ ಮೇಲೆ ನೀರು ನಿಲ್ಲುವುದಿಲ್ಲ, ಹೊಲಸು ಬೇಗ ಬಿಡುತ್ತದೆ. ಆದರೆ ತೊಳೆಯುವುದಂತೂ ತಪ್ಪುವುದಿಲ್ಲ, ಬೋರಿನ ನೀರಿನ ಚುಕ್ಕೆಯೂ ತಪ್ಪುವುದಿಲ್ಲ. ಮೇಲೆ ಸೂರಿಲ್ಲದೆ ಬೀದಿಯಲ್ಲಿ ನಿಲ್ಲುವ ಗಾಡಿಗೆ 22 ಸಾವಿರ ಹಾಕುವ ಬದಲು ಒಳ್ಳೇ ಟೈರು ಹಾಕಿಸು. ಹೊಳಪಿನ ಆಸೆಗೆ ಒಂದು ಡಬ್ಬಿ ವ್ಯಾಕ್ಸ್ ತಂದು ಕೈಯಿಂದಲೇ ಹಚ್ಚು. ಮಳೆ ಹಿಡಿಯುವ ಮುಂಚೆ ಒಮ್ಮೆ, ದಸರೆ ಹೊತ್ತಿಗೆ ಒಮ್ಮೆ.

ಒಳಗಿನದು ಭಾಳ ಹೇಳುವುದಿಲ್ಲ. ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಮಿಂಚುವ ಎಣ್ಣೆ ಹಚ್ಚಬೇಡ, ಮಧ್ಯಾಹ್ನ ಗಾಜಿನಲ್ಲಿ ಅದರ ನೆರಳು ಬಿದ್ದು ರೋಡೇ ಕಾಣುವುದಿಲ್ಲ. ಹಿಂಡಿದ ಅರಿವಿ ಸಾಕು. ಗಾಡಿಯೊಳಗೆ ಗಿರ್ಮಿಟ್ ತಿನ್ನುವುದನ್ನು ಬಿಡು ಅಂದರೆ ನೀನು ಬಿಡುವವಳಲ್ಲ, ಚುರುಮುರಿ ಬಿದ್ದದ್ದನ್ನಾದರೂ ಆವತ್ತೇ ಬಳಿ. ಅದರ ವಾಸನೆಗೆ ಬಂದ ಇಲಿ ವೈರ್ ಕಡಿದರೆ ಬಿಲ್ ನೋಡಿ ಅಳುತ್ತಿ. ಎಂಜಿನ್ನಿಗೆ ಪ್ರೆಶರ್ ನೀರು ಹೊಡೆಸಬೇಡ.

ಖಂಡೇಪೂಜಾ ದಿನ ಅರಿಷಿಣ-ಕುಂಕುಮ ಗಾಜಿಗೆ, ನಂಬರ್ ಪ್ಲೇಟಿಗೆ ಹಚ್ಚು, ದೇವರು ಬೇಡ ಅನ್ನುವುದಿಲ್ಲ. ನಿಮ್ಮ ಹುಬ್ಬಳ್ಳಿಯ ರಂಗಪಂಚಮಿ ದಿನವಂತೂ ಗಾಡಿ ಹೊರಗಿಡಲೇಬೇಡ. ಹಿಂದಿನ ದಿನವೇ ನಮ್ಮನೆಗೆ ತಂದು ಬಿಡು, ಕಂಪೌಂಡಿನಲ್ಲಿ ಜಾಗ ಐತಿ.

ಬರುವ ರವಿವಾರ ಬಾ. ಶನಿವಾರ ಇಲ್ಲಿ ನಳ ಬಿಡುತ್ತಾರೆ, ಎರಡು ಬಕೆಟ್ ನನ್ನ ಹತ್ತಿರ ಇವೆ. ಶಾಂಪೂ, ಅರಿವಿ ನೀನು ತಾ. ನಿಮ್ಮಪ್ಪನ ಹರಕು ಬನಿಯನ್ ತಂದರೆ ಗೇಟಿನಿಂದಲೇ ತಿರುಗಿ ಕಳಿಸುತ್ತೇನೆ. ಊಟ ಇಲ್ಲೇ, ಕಾಕು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾಳಂತೆ.

ಇತಿ ನಿನ್ನ,
ಕಾಕಾ