ಗೆಳೆಯನಿಗೊಂದು ಪತ್ರ: ಹಿಂಬದಿಯ ಬ್ರೇಸ್ ಹಾಕಿಸುವ ಮುನ್ನ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಟಾಪ್ (ಮೇಲ್ಛಾವಣಿ) ಮಡಚಿ ಇಳಿಸಬಹುದಾದ ನಿನ್ನ ಹಳೆಯ 1.6 ಲೀಟರ್ ಎಂಜಿನ್ನಿನ ಮಾಜ್ದಾ ಮಿಯಾಟಾದ ಡಿಕ್ಕಿಯೊಳಗೆ, ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆಗಳನ್ನು ಒಂದಕ್ಕೊಂದು ಜೋಡಿಸುವ ಅಲ್ಯೂಮಿನಿಯಂ ಬ್ರೇಸ್ (ಬಾಡಿ ಅಲುಗದಂತೆ ಬಿಗಿಯುವ ಸರಳು) ಹಾಕಿಸಬೇಕೆಂದಿರುವುದಾಗಿ ಬರೆದಿದ್ದೀಯೆ. ತಿರುವಿಗೆ ಇಳಿದಾಗ ಕಾರಿನ ಮುಂಭಾಗ ಮೊದಲು ತಿರುಗಿ ಹಿಂಭಾಗ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ, ಆ ತಡ ಇದರಿಂದ ಹೋದೀತೇ ಎಂದೂ ಕೇಳಿದ್ದೀಯೆ. ಬ್ರೇಸ್ ಹಾಕಿಸುವ ಯೋಚನೆ ಸರಿಯಾದದ್ದೇ. ಆದರೆ ನೀನು ಆರಿಸಿಕೊಂಡಿರುವ ಜಾಗ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಿನ್ನ ಕಾರಿಗೆ ಅದು ಬೇಕಾಗಿರುವುದು ಡಿಕ್ಕಿಯೊಳಗೆ ಅಲ್ಲ, ಕಾರಿನ ಅಡಿಯಲ್ಲಿ.

ರಸ್ತೆಯ ಮೇಲಿನ ಹಿಡಿತ ಟೈರಿನದು; ಬ್ರೇಸ್ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಅದರ ಕೆಲಸ ಸಸ್ಪೆನ್ಷನ್ನಿನ ಬುಡ ಅಲುಗದಂತೆ ನೋಡಿಕೊಳ್ಳುವುದಷ್ಟೇ. ಸ್ಪ್ರಿಂಗ್ ಎಷ್ಟು ಗಡುಸಾಗಿರಬೇಕು, ಶಾಕ್ ಅಬ್ಸಾರ್ಬರ್ ಎಷ್ಟು ತಡೆಯಬೇಕು ಎಂದು ನಿರ್ಧರಿಸುವವರು ಅವೆರಡೂ ಆತುಕೊಂಡಿರುವ ಬಾಡಿ ಬಾಗುವುದಿಲ್ಲವೆಂದು ಭಾವಿಸಿಯೇ ಲೆಕ್ಕ ಆರಂಭಿಸುತ್ತಾರೆ. ತಗಡನ್ನು ಮಡಚಿ ಬೆಸುಗೆ ಹಾಕಿದ ಯಾವ ಬಾಡಿಯೂ ನಿಜದಲ್ಲಿ ಹಾಗಿರುವುದಿಲ್ಲ. ಅದು ಬಾಗಿದಷ್ಟೂ ಕಾರಿನ ಸ್ಪ್ರಿಂಗಿಗೆ ಇನ್ನೊಂದು ಸ್ಪ್ರಿಂಗನ್ನು ಸಾಲಾಗಿ, ತುದಿಗೆ ತುದಿ ಸೇರಿಸಿ ಜೋಡಿಸಿದಂತಾಗುತ್ತದೆ, ಮತ್ತು ಹೀಗೆ ಸಾಲಾಗಿ ನಿಂತ ಎರಡು ಸ್ಪ್ರಿಂಗುಗಳ ಒಟ್ಟು ಗಡಸುತನ ಅವುಗಳಲ್ಲಿ ಮೆದುವಾದದ್ದಕ್ಕಿಂತಲೂ ಕಡಿಮೆಯಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಈ ಎರಡನೆಯ ಸ್ಪ್ರಿಂಗನ್ನು ಹದ್ದಿನಲ್ಲಿಡಲು ಯಾವ ಶಾಕ್ ಅಬ್ಸಾರ್ಬರೂ ಇಲ್ಲ; ಬಾಡಿ ತಿರುಚಿಕೊಂಡು ಮತ್ತೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ಹಾಳಾದ ರಸ್ತೆಯಲ್ಲಿ ಟಾಪ್ ಇಳಿಸಿಕೊಂಡು ಹೋಗುವಾಗ ಮುಂದಿನ ಗಾಜಿನ ಚೌಕಟ್ಟು ಮತ್ತು ಒಳಗನ್ನಡಿ ನಡುಗುವುದನ್ನು ನೀನು ನೋಡಿರುತ್ತೀಯೆ. ಆ ನಡುಕ ಇದೇ.

ಟಾಪ್ ಇಲ್ಲದ ಕಾರಿನಲ್ಲಿ ಬಾಡಿಯ ತಿರುಚುವಿಕೆಯನ್ನು ತಡೆಯುವ ಭಾರವೆಲ್ಲ ಬಾಗಿಲ ಕೆಳಗಿನ ಎರಡು ಪಟ್ಟಿಗಳು ಮತ್ತು ನೆಲದ ನಡುವೆ ಉದ್ದಕ್ಕೂ ಇರುವ ಸುರಂಗದಂಥ ಉಬ್ಬಿನ ಮೇಲೆ ಬೀಳುತ್ತದೆ. 1989ರಲ್ಲಿ ಈ ಕಾರನ್ನು ಹೊರತಂದಾಗ ಅದರ ವಿನ್ಯಾಸಕಾರರು ಗೇರ್‌ಬಾಕ್ಸಿನಿಂದ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಉದ್ದದ ಅಲ್ಯೂಮಿನಿಯಂ ಚೌಕಟ್ಟೊಂದನ್ನು ಕೊಟ್ಟಿದ್ದರು. ಎಂಜಿನ್ನಿನ ಶಕ್ತಿ ನೇರವಾಗಿ, ತಡವಿಲ್ಲದೆ ಹಿಂದಿನ ಚಕ್ರಗಳಿಗೆ ತಲುಪಲು ಅದು ನೆರವಾಯಿತು, ಆದರೆ ಬಾಡಿಯನ್ನು ಗಟ್ಟಿ ಮಾಡುವುದು ಅದರ ಮುಖ್ಯ ಕೆಲಸವಲ್ಲ. ಮುಂದೆ 1994ರ ಮಾದರಿಗೆ 1.8 ಲೀಟರ್ ಎಂಜಿನ್ ಬಂದಾಗ ಕಂಪನಿಯೇ ಹಿಂದಿನ ಸಬ್‌ಫ್ರೇಮಿನ (ಸಸ್ಪೆನ್ಷನ್ನಿನ ತೋಳುಗಳನ್ನು ಹಿಡಿದು ಬಾಡಿಗೆ ಬೋಲ್ಟಿನಿಂದ ಸೇರುವ ಚೌಕಟ್ಟಿನ) ಕೆಳಗೆ ಬ್ರೇಸ್ ಕೊಟ್ಟಿತು, ಸೀಟುಗಳ ಹಿಂದೆ ಎರಡು ಸೀಟ್‌ಬೆಲ್ಟ್ ಕಂಬಗಳನ್ನು ಸೇರಿಸುವ ಅಡ್ಡಪಟ್ಟಿಯನ್ನೂ ಇಟ್ಟಿತು. ನಿನ್ನದು ಅದಕ್ಕಿಂತ ಹಿಂದಿನ ಕಾರು. ಅಳತೆಯ ಸಲಕರಣೆಗಳೆಲ್ಲ ಕೈಯಲ್ಲಿದ್ದವರು ಡಿಕ್ಕಿಯನ್ನು ಬಿಟ್ಟು ಆ ಜಾಗಗಳನ್ನೇ ಏಕೆ ಆರಿಸಿಕೊಂಡರೆಂಬುದನ್ನು ನಾವು ಗಮನಿಸಬೇಕು.

ಉತ್ತರ ಸಸ್ಪೆನ್ಷನ್ನಿನ ರಚನೆಯಲ್ಲಿದೆ. ಮೆಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರವನ್ನು ನೆಟ್ಟಗೆ ಹಿಡಿದಿಡುವ ಕೆಲಸದಲ್ಲಿ ಶಾಕ್ ಅಬ್ಸಾರ್ಬರಿಗೂ ಪಾಲಿದೆ. ತಿರುವಿನಲ್ಲಿ ಅದರ ತಲೆ ಟವರನ್ನು, ಅಂದರೆ ತಾನು ಆತುಕೊಂಡಿರುವ ಬಾಡಿಯ ಭಾಗವನ್ನು, ಪಕ್ಕಕ್ಕೆ ಎಳೆಯುತ್ತದೆ. ಅಂಥ ಕಾರಿನ ಎರಡು ಟವರುಗಳನ್ನು ಮೇಲಿನಿಂದ ಬಿಗಿದರೆ ಫಲ ಖಂಡಿತ ಸಿಗುತ್ತದೆ. ನಿನ್ನ ಕಾರಿನಲ್ಲಿರುವುದು ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್. ಇಲ್ಲಿ ಚಕ್ರವನ್ನು ಹಿಡಿದಿರುವುದು ಮೇಲೊಂದು ಕೆಳಗೊಂದು ತೋಳು. ಶಾಕ್ ಅಬ್ಸಾರ್ಬರಿನ ತಲೆಗೆ ಬರುವುದು ಬಹುಮಟ್ಟಿಗೆ ಮೇಲ್ಮುಖದ ಒತ್ತಡ ಮಾತ್ರ. ಪಕ್ಕದ ಬಲವೆಲ್ಲ ತೋಳುಗಳ ಮೂಲಕ ಸಬ್‌ಫ್ರೇಮಿಗೆ ಇಳಿಯುತ್ತದೆ. ಪಕ್ಕಕ್ಕೆ ಬಲವೇ ಬೀಳದ ಎರಡು ಟವರುಗಳ ನಡುವೆ ಸರಳು ಹಾಕಿದರೆ ಅದು ಡಿಕ್ಕಿಯಲ್ಲಿ ಹೊಳೆಯುತ್ತದೆ, ಸಾಮಾನಿನ ಜಾಗವನ್ನೂ ತಿನ್ನುತ್ತದೆ, ಕೆಲಸವನ್ನು ಮಾತ್ರ ಅಷ್ಟಾಗಿ ಮಾಡುವುದಿಲ್ಲ.

ಎಷ್ಟು ಬಲ ಎಂಬುದರ ಅಂದಾಜು ಬೇಕಿದ್ದರೆ ಕಾರಿನ ತೂಕ 1000 ಕಿಲೋ ಎಂದಿಟ್ಟುಕೊಂಡು, ಗುರುತ್ವದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದೀಯೆ ಎಂದು ಭಾವಿಸು. ಒಟ್ಟು ಪಕ್ಕದ ಬಲ ಸುಮಾರು 7800 ನ್ಯೂಟನ್. ಅದರ ಅರ್ಧ ಹಿಂದಿನ ಆಕ್ಸಲಿಗೆ, ಆ ಅರ್ಧದಲ್ಲಿ ಹೆಚ್ಚಿನ ಪಾಲು ಹೊರಬದಿಯ ಚಕ್ರಕ್ಕೆ. ಟೈರು ನೆಲವನ್ನು ಮುಟ್ಟುವ ಬಿಂದು ಕೆಳಗಿನ ತೋಳಿಗಿಂತಲೂ ಕೆಳಗಿರುವುದರಿಂದ ಆ ತೋಳು ಟೈರಿನ ಬಲಕ್ಕಿಂತಲೂ ಹೆಚ್ಚಿನ ಬಲದಿಂದ ಒಳಕ್ಕೆ ಒತ್ತುತ್ತದೆ, ಮೇಲಿನ ತೋಳು ಹೊರಕ್ಕೆ ಎಳೆಯುತ್ತದೆ. ಕೆಳಗಿನ ತೋಳಿನ ಎರಡು ಬುಡಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದು, ಒಂದು ಬುಡ ಇನ್ನೊಂದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ಸರಿಯಿತೆಂದರೂ ಚಕ್ರದ ದಿಕ್ಕು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಬದಲಾಗುತ್ತದೆ. ಅಲೈನ್‌ಮೆಂಟಿನಲ್ಲಿ ಹಿಂದಿನ ಚಕ್ರಗಳ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ) ಹೊಂದಿಸುವುದೇ ಇಂಥ ಹತ್ತನೇ ಭಾಗಗಳ ಲೆಕ್ಕದಲ್ಲಿ. ನೀನು ಹೇಳುವ ತಡ ಹುಟ್ಟುವ ಜಾಗಗಳಲ್ಲಿ ಇದೂ ಒಂದು.

ಹಾಗೆಂದು ಬ್ರೇಸ್ ಕೊಳ್ಳಲು ಇಂದೇ ಹೊರಡಬೇಡ. ಬಾಡಿ ಬಾಗುವುದು ಮಿಲಿಮೀಟರಿನ ಅಂಶಗಳಲ್ಲಿ. ತೋಳುಗಳ ಕೀಲಿನಲ್ಲಿರುವ, ಮೂವತ್ತು ವರ್ಷ ದಾಟಿದ ರಬ್ಬರ್ ಬುಷ್ ಬಾಗುವುದು ಇಡೀ ಮಿಲಿಮೀಟರುಗಳಲ್ಲಿ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತೋಳು ಮತ್ತು ಸಬ್‌ಫ್ರೇಮಿನ ನಡುವೆ ಉದ್ದನೆಯ ಮೀಟುಗೋಲು ಇಟ್ಟು ಒತ್ತಿ ನೋಡು. ರಬ್ಬರ್ ಬಿರುಕು ಬಿಟ್ಟಿದ್ದರೆ, ಒಳಗಿನ ಕಬ್ಬಿಣದ ಕೊಳವೆಯಿಂದ ಕಿತ್ತುಬಂದಿದ್ದರೆ, ಮೊದಲ ಖರ್ಚು ಅದಕ್ಕೆ. ಟೈರುಗಳ ತಯಾರಿಕೆಯ ವರ್ಷವನ್ನೂ ನೋಡು. ಗಟ್ಟಿಯಾಗಿ ಹೋದ ಟೈರಿನ ಮೇಲೆ ಯಾವ ಬ್ರೇಸ್ ಹಾಕಿದರೂ ವ್ಯರ್ಥ. ತುಕ್ಕಿನ ಬಗ್ಗೆ ನಿನಗೆ ಹೇಳಬೇಕಾಗಿಲ್ಲ: ಬ್ರೇಸ್ ಆತುಕೊಳ್ಳುವ ತಗಡು ಪೊಳ್ಳಾಗಿದ್ದರೆ ಅಲ್ಲಿಗೆ ಬೆಸುಗೆಯವನು ಮೊದಲು ಬರಬೇಕು.

ಇನ್ನು ಬ್ರೇಸಿನ ಆಕಾರ. ಇದರಲ್ಲಿ ಮೋಸಹೋಗುವುದು ಸುಲಭ. ಎರಡು ಬಿಂದುಗಳ ನಡುವಿನ ಒಂದೇ ಅಡ್ಡಸರಳು ಅವೆರಡು ಹತ್ತಿರ ಬರುವುದನ್ನು, ದೂರ ಸರಿಯುವುದನ್ನು ಮಾತ್ರ ತಡೆಯುತ್ತದೆ. ಒಂದು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಸರಿದು ಚೌಕ ಓರೆಯಾಗುವುದನ್ನು ಅದು ತಡೆಯಲಾರದು. ಅಲ್ಲಾಡುವ ಬೆಂಚಿಗೆ ಬಡಗಿ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹೊಡೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಸಬ್‌ಫ್ರೇಮಿನ ಬುಡಗಳನ್ನು ಒಂದಕ್ಕೊಂದು ಸೇರಿಸುವುದರ ಜೊತೆಗೆ ಓರೆಯಾಗಿ ಬಾಡಿಯ ಗಟ್ಟಿ ಜಾಗಕ್ಕೂ ಕಟ್ಟುವ, ತ್ರಿಕೋನವಾಗುವ ಬ್ರೇಸನ್ನು ಆರಿಸಿಕೊ. ಸರಳು ನೇರವಾಗಿರಲಿ. ಸೈಲೆನ್ಸರ್ ತಪ್ಪಿಸಲೆಂದು ಬಿಲ್ಲಿನಂತೆ ಬಗ್ಗಿಸಿದ ಸರಳು ಒತ್ತಿದಾಗ ಇನ್ನಷ್ಟು ಬಗ್ಗುತ್ತದೆ, ಎಳೆದಾಗ ನೆಟ್ಟಗಾಗುತ್ತದೆ, ಎರಡೂ ನಮಗೆ ಬೇಡ. ಅಲ್ಯೂಮಿನಿಯಂ ಹಗುರವೆಂಬುದು ನಿಜ, ಆದರೆ ಅದರ ಸ್ಥಿತಿಸ್ಥಾಪಕತೆಯ ಗುಣಾಂಕ (ಎಳೆದರೆ ಹಿಗ್ಗದೆ ನಿಲ್ಲುವ ಗುಣದ ಅಳತೆ) ಸುಮಾರು 70 ಗಿಗಾಪ್ಯಾಸ್ಕಲ್, ಉಕ್ಕಿನದು 200ರ ಆಸುಪಾಸು. ಒಂದೇ ಅಳತೆಯ ಕೊಳವೆಯಾದರೆ ಅದೇ ಬಲಕ್ಕೆ ಅಲ್ಯೂಮಿನಿಯಂ ಸುಮಾರು ಮೂರರಷ್ಟು ಹಿಗ್ಗುತ್ತದೆ. ನೆಲಕ್ಕೆ ಹತ್ತಿರ, ಕಲ್ಲು ಬಡಿಯುವ ಇಕ್ಕಟ್ಟಾದ ಜಾಗದಲ್ಲಿ ದಪ್ಪ ಕೊಳವೆಗೆ ಅವಕಾಶವಿಲ್ಲದಿರುವುದರಿಂದ ನಾನಾದರೆ ಉಕ್ಕನ್ನೇ ಆರಿಸಿಕೊಳ್ಳುತ್ತೇನೆ.

ಜೋಡಿಸುವಾಗ ಅವಸರ ಪಡಬೇಡ. ಸಬ್‌ಫ್ರೇಮಿನ ಬೋಲ್ಟುಗಳನ್ನು ಒಂದೊಂದಾಗಿಯೇ ಬಿಚ್ಚು. ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಸಬ್‌ಫ್ರೇಮ್ ಜರುಗಿ ನಾಲ್ಕೂ ಚಕ್ರಗಳ ಲೆಕ್ಕ ತಪ್ಪುತ್ತದೆ. ಕೆಳತೋಳಿನ ಒಳಬದಿಯಲ್ಲಿರುವುದು ಅಲೈನ್‌ಮೆಂಟ್ ಹೊಂದಿಸುವ ಕ್ಯಾಮ್ ಬೋಲ್ಟುಗಳು. ಬ್ರೇಸ್ ಅವನ್ನೇ ಬಳಸುವಂಥದ್ದಾದರೆ ಮೊದಲು ಬಿಳಿ ಬಣ್ಣದಲ್ಲಿ ಗುರುತು ಹಾಕಿಕೊ, ಕೆಲಸ ಮುಗಿದ ಮೇಲೆ ಅಲೈನ್‌ಮೆಂಟನ್ನು ತಪ್ಪದೆ ಮಾಡಿಸು. ಬ್ರೇಸಿನ ಫಲಕ ನಾಲ್ಕೈದು ಮಿಲಿಮೀಟರ್ ದಪ್ಪವಿರುವುದರಿಂದ ಹಳೆಯ ಬೋಲ್ಟಿನ ಮರೆ (ತಿರುಪಿನ ಸುತ್ತು) ಅಷ್ಟು ಕಡಿಮೆ ಕಚ್ಚುತ್ತದೆ. ಬಿಗಿದ ಮೇಲೆ ನಟ್ಟಿನಾಚೆ ಎರಡು ಮರೆಯಾದರೂ ಹೊರಗೆ ಕಾಣಬೇಕು, ಇಲ್ಲವಾದರೆ ಅದೇ ದರ್ಜೆಯ ಉದ್ದದ ಬೋಲ್ಟು ತರಿಸಿಕೊ. ಫಲಕ ಕೂರುವ ಜಾಗದ ದಪ್ಪ ಪೌಡರ್ ಬಣ್ಣವನ್ನು ಉಜ್ಜಿ ತೆಗೆ, ಏಕೆಂದರೆ ಬಣ್ಣ ಅಪ್ಪಚ್ಚಿಯಾದಂತೆಲ್ಲ ಬೋಲ್ಟಿನ ಬಿಗಿ ಇಳಿಯುತ್ತದೆ. ತೆರೆದ ಲೋಹಕ್ಕೆ ತುಕ್ಕು ತಡೆಯುವ ತೆಳುವಾದ ಲೇಪ ಸಾಕು.

ಕೊನೆಯ ಬಿಗಿತ ಮಾತ್ರ ಕಾರು ತನ್ನ ಚಕ್ರಗಳ ಮೇಲೆ, ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ ನಡೆಯಬೇಕು. ಸ್ಟ್ಯಾಂಡಿನ ಮೇಲೆ ನಿಂತ ತೆರೆದ ಕಾರು ಸ್ವಲ್ಪ ತಿರುಚಿಕೊಂಡೇ ಇರುತ್ತದೆ; ಅಲ್ಲೇ ಬ್ರೇಸ್ ಬಿಗಿದರೆ ಆ ತಿರುಚನ್ನೇ ಕಟ್ಟಿಹಾಕಿದಂತಾಗುತ್ತದೆ. ರಬ್ಬರ್ ಬುಷ್‌ಗಳ ಬೋಲ್ಟಿಗೂ ಇದೇ ನಿಯಮ: ಚಕ್ರ ಜೋತುಬಿದ್ದಿರುವಾಗ ಬಿಗಿದ ರಬ್ಬರು ಕಾರು ಇಳಿಸಿದೊಡನೆ ಹಿಂಡಿಕೊಂಡು ಬೇಗ ಹರಿಯುತ್ತದೆ. ಎಷ್ಟು ಬಿಗಿದಿದ್ದೇವೆಂದು ತೋರಿಸುವ ಟಾರ್ಕ್ ರೆಂಚ್ ಬಳಸು, ಅಂಕಿಗಳನ್ನು ಆ ಕಾರಿನ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊ. ಸರಳಿನ ಉದ್ದ ಹೊಂದಿಸುವ ತಿರುಪು ಇದ್ದರೆ ಅದನ್ನು ಬೆರಳಿನಿಂದ ತಿರುಗಿಸಿ ಆಟ ಹೋಗುವವರೆಗೆ ತಂದು ಲಾಕ್ ನಟ್ ಹಾಕು. ಬಾಡಿಯನ್ನು ಎಳೆದು ಹಿಡಿಯುವಷ್ಟು ತಿರುಗಿಸಬೇಕೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸೈಲೆನ್ಸರ್ ಕೊಳವೆ ಬಿಸಿಯಾದಾಗ ಉದ್ದವಾಗುತ್ತದೆ, ರಬ್ಬರಿನಲ್ಲಿ ತೂಗಾಡುತ್ತದೆ. ಕೈಬೆರಳು ಸಲೀಸಾಗಿ ಹಾಯುವಷ್ಟು ಅಂತರ ಸುತ್ತಲೂ ಇರಲಿ. ಪೆಟ್ರೋಲ್ ಟ್ಯಾಂಕ್ ಸೀಟುಗಳ ಹಿಂದೆಯೇ ಇರುವುದರಿಂದ, ಹೊಸ ತೂತು ಕೊರೆಯಬೇಕೆನ್ನುವ ಯಾವ ಬ್ರೇಸನ್ನೂ ಮುಟ್ಟಬೇಡ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡು.

ಫಲ ಸಿಕ್ಕಿತೋ ಇಲ್ಲವೋ ಎಂಬುದನ್ನು ಮನಸ್ಸಿಗೆ ಬಿಡಬೇಡ. ಹಣ ಕೊಟ್ಟ ಮನಸ್ಸು ಯಾವಾಗಲೂ ಸಿಕ್ಕಿತೆಂದೇ ಹೇಳುತ್ತದೆ. ಟಾಪ್ ಇಳಿಸಿ, ಬಾಗಿಲು ಹಾಕಿ, ಹಿಂದಿನ ಒಂದು ಬದಿಯನ್ನಷ್ಟೇ ಜಾಕಿನಿಂದ ಚಕ್ರ ನೆಲ ಬಿಡುವವರೆಗೆ ಎತ್ತು. ಬಾಗಿಲಿನ ಹಿಂದಿನ ಅಂಚಿನ ಮೇಲ್ತುದಿಯಲ್ಲಿ ಸಂದು ಎಷ್ಟು ಬದಲಾಯಿತೆಂದು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆ. ಬ್ರೇಸ್ ಹಾಕುವ ಮುನ್ನ ಒಮ್ಮೆ, ಹಾಕಿದ ಮೇಲೆ ಒಮ್ಮೆ, ಅದೇ ಜಾಗದಲ್ಲಿ ಜಾಕ್ ಇಟ್ಟು, ಅಷ್ಟೇ ಎತ್ತರಕ್ಕೆ ಎತ್ತಿ ಅಳೆಯಬೇಕು. ಈ ಅಳತೆ ಇಡೀ ಬಾಡಿಯದು; ಸಬ್‌ಫ್ರೇಮಿನ ಕೆಳಗಿನ ಬ್ರೇಸ್ ಅದನ್ನು ಅಷ್ಟಾಗಿ ಬದಲಿಸದಿದ್ದರೆ ಆಶ್ಚರ್ಯಪಡಬೇಡ. ಹೆಚ್ಚು ಬದಲಾಗಬೇಕೆಂದಿದ್ದರೆ ಸೀಟ್‌ಬೆಲ್ಟ್ ಕಂಬಗಳ ನಡುವಿನ ಆ ಅಡ್ಡಪಟ್ಟಿ ಮುಂದಿನ ಹೆಜ್ಜೆಯಾದೀತು. ಬಿಗಿಬೆಲ್ಟಿನ ಹಾರ್ನೆಸ್ಸನ್ನು ಮಾತ್ರ ಇಂಥ ಯಾವ ಬ್ರೇಸಿಗೂ ಕಟ್ಟಬೇಡ. ಅಪಘಾತದ ಬಲವನ್ನು ತಡೆಯಲೆಂದು ಅವನ್ನು ಮಾಡಿರುವುದಿಲ್ಲ.

ಓಡಿಸುವಾಗ ಇನ್ನೊಂದು ಎಚ್ಚರ. ಹಿಂಭಾಗ ಬಿಗಿಯಾದಂತೆ ಅಲ್ಲಿನ ಸ್ಪ್ರಿಂಗು, ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಆ್ಯಂಟಿರೋಲ್ ಬಾರ್‌ಗಳು ತಮ್ಮ ಪೂರ್ತಿ ಕೆಲಸ ಮಾಡತೊಡಗುತ್ತವೆ. ಮುಂಭಾಗ ಹಿಂದಿನಂತೆಯೇ ಇದ್ದರೆ ಕಾರು ಸ್ವಲ್ಪ ಹಿಂಬದಿ ಜಾರುವ ಕಡೆಗೆ ವಾಲಬಹುದು. ಒಣ ರಸ್ತೆಯಲ್ಲಿ ಇದು ಹಿತವಾಗಿಯೇ ತೋರುತ್ತದೆ. ಮೊದಲ ಮಳೆಯಲ್ಲಿ ಆಕ್ಸಿಲರೇಟರ್ ಮೇಲಿನ ಕಾಲನ್ನು ಹತೋಟಿಯಲ್ಲಿಡು.

ಬುಷ್‌ಗಳನ್ನು ಪರೀಕ್ಷಿಸಿದ ಮೇಲೆ ಕಾರಿನ ಅಡಿಯ ಎರಡು ಚಿತ್ರ ಕಳುಹಿಸು: ಒಂದು ಡಿಫರೆನ್ಷಿಯಲ್‌ನ ಹಿಂದಿನಿಂದ, ಇನ್ನೊಂದು ಸೈಲೆನ್ಸರ್ ಕೊಳವೆ ಸಬ್‌ಫ್ರೇಮನ್ನು ದಾಟುವ ಜಾಗದ್ದು. ಅಲ್ಲಿನ ಅಂತರ ಎಷ್ಟು ಮಿಲಿಮೀಟರ್ ಎಂಬುದನ್ನೂ ಬರೆ. ಯಾವ ಬ್ರೇಸ್ ಕೂರುತ್ತದೆಂದು ಅದನ್ನು ನೋಡಿ ಹೇಳುತ್ತೇನೆ.

ಇಂತಿ ನಿನ್ನ ಗೆಳೆಯ